ಹೊಯಿಗೆ ಯಾರ ಸೊತ್ತು?

“ಹೊಳೆಯೂ ಅಲ್ಲಾಹನದು, ಹೊಯಿಗೆಯೂ ಅಲ್ಲಾಹನದು. ತೆಗೆದರೆ ತಪ್ಪೇನು ಉಸ್ತಾದ್?” ಎಂದು ಕರಾವಳಿಯ ನಮ್ಮ ಯುವಕರು ಕೇಳುವುದುಂಟು. ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಏಕೆಂದರೆ ಅದರ ಮೊದಲರ್ಧ ನಿಜ.

ಯಮನಿನಿಂದ ಬಂದ ಅಬ್ಯದ್ ಬಿನ್ ಹಮ್ಮಾಲ್(ರ) ಎಂಬ ಸಹಾಬಿ, ಮಅ್‌ರಿಬ್ ಎಂಬಲ್ಲಿದ್ದ ಉಪ್ಪಿನ ನೆಲೆಯನ್ನು ತನಗೆ ಕೊಡಬೇಕೆಂದು ಪ್ರವಾದಿವರ್ಯರನ್ನು(ಸ) ಕೇಳಿಕೊಂಡರು. ಪ್ರವಾದಿವರ್ಯರು(ಸ) ಒಪ್ಪಿ ಕೊಟ್ಟರು. ಆದರೆ ಆ ಉಪ್ಪು ಬತ್ತದ ನೀರಿನಂತೆ ಎಲ್ಲರ ಕೈಗೂ ಸುಲಭವಾಗಿ ಸಿಗುವಂಥದ್ದೆಂದು ಸಭೆಯಲ್ಲಿದ್ದವರೊಬ್ಬರು ತಿಳಿಸಿದಾಗ, ಅದನ್ನು ಹಿಂದಕ್ಕೆ ಪಡೆದರು. ಅಬೂದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿ ಈ ವರದಿ ಇದೆ. ನೆಲದ ಮೇಲೆ ತೆರೆದು ಬಿದ್ದಿರುವ ಖನಿಜವನ್ನು ಯಾರೊಬ್ಬನೂ ತನ್ನದಾಗಿಸಿಕೊಳ್ಳುವಂತಿಲ್ಲ, ಆಡಳಿತಗಾರನೂ ಅದನ್ನು ಒಬ್ಬನ ಸೊತ್ತಾಗಿ ಬರೆದುಕೊಡುವಂತಿಲ್ಲ ಎಂದು ಶಾಫಿಈ ಕರ್ಮಶಾಸ್ತ್ರ ವಿದ್ವಾಂಸರು ಹೇಳುವುದು ಇದರ ಆಧಾರದಲ್ಲಿಯೇ. ಎಲ್ಲರಿಗೂ ಸೇರಿದ್ದು ಎಂದರೆ ಮೊದಲು ಯಂತ್ರ ಇಳಿಸಿದವನಿಗೆ ಸೇರಿದ್ದು ಎಂದಲ್ಲ. ಅದರಲ್ಲಿ ದಡದ ವಿಧವೆಗೂ ಪಾಲಿದೆ, ಮೀನುಗಾರನಿಗೂ ಪಾಲಿದೆ. ಬಾವಿಗೂ ಹೊಳೆಗೂ ‘ಹರೀಮ್’ ಎಂಬ ಒಂದು ಸುತ್ತಳತೆಯನ್ನು ಫುಖಹಾಗಳು ಗುರುತಿಸಿದ್ದಾರೆ. ಬಾವಿಗೆ, ಹೊಳೆಗೆ ಹಾನಿ ತಟ್ಟುವಂಥ ಕೆಲಸವನ್ನು ಅದರೊಳಗೆ ಮಾಡಬಾರದು.

ಹಾನಿ ಎಲ್ಲಿದೆ ಎಂದು ಕೇಳುವಿರಾ? ಕಡಲತೀರ ನಿಂತ ನೆಲವಲ್ಲ, ಅದೊಂದು ಜಮಾಖರ್ಚಿನ ಪುಸ್ತಕ. ಮಳೆಗಾಲದ ಅಬ್ಬರದ ತೆರೆಗಳು ತೀರದ ಹೊಯಿಗೆಯನ್ನು ಒಳಕ್ಕೆ ಸೆಳೆದೊಯ್ಯುತ್ತವೆ, ಮಳೆ ನಿಂತ ಮೇಲೆ ಶಾಂತ ಅಲೆಗಳು ಅದನ್ನು ಮರಳಿ ತಂದು ಹಾಕುತ್ತವೆ. ಈ ನಡುವೆ ಕಳೆದುಹೋದುದನ್ನು ತುಂಬಿಸುವವರು ಯಾರು? ಘಟ್ಟದಿಂದ ಇಳಿದು ಬರುವ ನೇತ್ರಾವತಿ, ಫಲ್ಗುಣಿಯಂಥ ಹೊಳೆಗಳು. ಕಿಂಡಿ ಅಣೆಕಟ್ಟುಗಳು ಒಂದಷ್ಟನ್ನು ತಡೆಯುತ್ತವೆ. ಉಳಿದುದನ್ನು ನಾವು ಟಿಪ್ಪರಿಗೆ ತುಂಬಿದರೆ ಕಡಲಿಗೆ ಸಂದಾಯವಾಗುವುದು ಏನೂ ಇಲ್ಲ. ಆಗ ಕಡಲು ತನ್ನ ಪಾಲನ್ನು ತೆಂಗಿನ ತೋಟದಿಂದ, ಮನೆಯಂಗಳದಿಂದ ವಸೂಲು ಮಾಡುತ್ತದೆ. ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಜನರಿಗೆ ಕಡಲ್ಕೊರೆತವೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಅಲ್ಲಿನ ಕೊರೆತಕ್ಕೆ ಹೊಯಿಗೆಯೊಂದೇ ಕಾರಣವಲ್ಲ. ಅಳಿವೆಬಾಗಿಲಿನ ತಡೆಗೋಡೆಗಳೂ ಏರುತ್ತಿರುವ ಕಡಲಮಟ್ಟವೂ ಸೇರಿಕೊಂಡಿವೆ. ಕಲ್ಲುಗೋಡೆ ತನ್ನ ಹಿಂದಿನ ಮನೆಯನ್ನು ಕಾಯುತ್ತದೆ, ನಿಜ. ಆದರೆ ಮುಂದಿನ ದಂಡೆಯನ್ನೂ ಪಕ್ಕದವನ ಅಂಗಳವನ್ನೂ ಕಾಯುವುದಿಲ್ಲ.

ಹೊಳೆಯ ತಳ ಆಳವಾದಂತೆ ಬೇಸಗೆಯಲ್ಲಿ ಉಬ್ಬರದ ಉಪ್ಪುನೀರು ಇನ್ನಷ್ಟು ಮೇಲಕ್ಕೆ ಏರುತ್ತದೆ, ದಡದ ಬಾವಿಗಳು ಕೆಡುತ್ತವೆ. ಸಮುದ್ರದ ನೀರಿನಿಂದ ವುಝೂ ಮಾಡಬಹುದು. ಮಕ್ಕಳಿಗೆ ಕುಡಿಯಲು ಕೊಡಲಾಗದು! ಅಳಿವೆಯ ಹೊಯಿಗೆಯಲ್ಲಿ ಬದುಕುವ ಮರುವಾಯಿ ಹೋದರೆ, ಅದನ್ನು ಹೆಕ್ಕಿ ಮಾರುವವರ ಅನ್ನವೂ ಹೋಗುತ್ತದೆ. 2018ರ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಮೂಲರಪಟ್ಣದಲ್ಲಿ ಫಲ್ಗುಣಿಯ ಸೇತುವೆ ಕುಸಿದಾಗ, ಕಂಬಗಳ ಬುಡದಿಂದ ಹೊಯಿಗೆ ತೆಗೆದುದೇ ಕಾರಣವೆಂದು ಊರವರು ದೂರಿದರು.

ಇದು ನಮ್ಮ ಜಿಲ್ಲೆಯೊಂದರ ಕಥೆಯಲ್ಲ. ಮೊರಾಕ್ಕೊದಲ್ಲಿ ಪ್ರತಿವರ್ಷ ಬಳಕೆಯಾಗುವ ಮರಳಿನ ಅರ್ಧದಷ್ಟು, ಎಂದರೆ ಸುಮಾರು 1 ಕೋಟಿ ಘನ ಮೀಟರ್, ಕಡಲತೀರದಿಂದ ಅಕ್ರಮವಾಗಿ ತೆಗೆದದ್ದೆಂದು ವಿಶ್ವಸಂಸ್ಥೆಯ ಪರಿಸರ ವಿಭಾಗ 2019ರಲ್ಲಿ ವರದಿ ಮಾಡಿತು. ಪ್ರವಾಸಿಗಳಿಗಾಗಿ ಹೋಟೆಲು ಕಟ್ಟಲು, ಪ್ರವಾಸಿಗಳು ನೋಡಲು ಬರುವ ತೀರವನ್ನೇ ಅಗೆದರು! ನೆಲದಲ್ಲೂ ಕಡಲಲ್ಲೂ ಕಾಣಿಸಿಕೊಳ್ಳುವ ಕೆಡುಕು ಮನುಷ್ಯನ ಕೈಗಳ ಸಂಪಾದನೆಯೆಂದು ಅರ್ರೂಮ್ ಅಧ್ಯಾಯದ 41ನೇ ಸೂಕ್ತ ಎಚ್ಚರಿಸುವುದನ್ನು ಓದಿಯೂ ನಾವು ಅದು ಬೇರೆ ಯಾರದೋ ಕೈ ಎಂದುಕೊಳ್ಳುತ್ತೇವೆ.

“ಕಾನೂನು ಸರಕಾರದ್ದು, ದೀನಿಗೇನು ಸಂಬಂಧ?” ಎನ್ನುವವರಿದ್ದಾರೆ. 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಆ ವಲಯದಲ್ಲಿ ಮರಳು ಗಣಿಗಾರಿಕೆಯನ್ನು ನಿಷೇಧಿಸಿತು. ಸಣ್ಣ ಗಣಿಗಳಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿತು. ಜನರ ಹಿತಕ್ಕಾಗಿ ಮಾಡಿದ, ಪಾಪವನ್ನು ಆಜ್ಞಾಪಿಸದ ನಿಯಮವನ್ನು ಪಾಲಿಸುವುದು ಸತ್ಯವಿಶ್ವಾಸಿಯ ಕರ್ತವ್ಯವೇ. ಸ್ವತಃ ಹಾನಿ ಮಾಡಬಾರದು, ಹಾನಿಗೆ ಹಾನಿಯನ್ನು ಎದುರಿಡಲೂಬಾರದು ಎಂಬ ಪ್ರವಾದಿ ವಚನವಂತೂ (ಇಬ್ನುಮಾಜಃ) ಯಾವ ಸರಕಾರಕ್ಕೂ ಕಾದಿಲ್ಲ.

ಸಹೋದರರೇ, ಪೋಲೀಸರು ಹಿಡಿಯುವುದು ಟಿಪ್ಪರಿನ ಚಾಲಕನನ್ನು. ಲೋಡು ತರಿಸಿದವನು ನೆರಳಲ್ಲಿ ಕುಳಿತಿರುತ್ತಾನೆ. ಗಲ್ಫಿನ ದುಡಿಮೆಯಿಂದ ಮನೆ ಕಟ್ಟುವವರು, ಅದಕ್ಕಿಂತ ಹೆಚ್ಚಾಗಿ ಮಸೀದಿ, ಮದ್ರಸ ಕಟ್ಟಿಸುವ ಕಮಿಟಿಯವರು ಇದನ್ನು ಯೋಚಿಸಬೇಕು. ಅಲ್ಲಾಹನು ಪರಿಶುದ್ಧನು, ಶುದ್ಧವಾದುದನ್ನಲ್ಲದೆ ಸ್ವೀಕರಿಸನು ಎಂಬ ಮುಸ್ಲಿಮ್ ವರದಿಯ ಹದೀಸನ್ನು ಚಂದಾ ಎತ್ತುವಾಗ ನೆನೆಯುವ ನಾವು, ರಾತ್ರಿ ಎರಡು ಗಂಟೆಗೆ ಬಂದು ಸುರಿದುಹೋಗುವ ಲೋಡಿನ ಮುಂದೆ ಏಕೆ ಮರೆಯುತ್ತೇವೆ? ದಾನವಾಗಿ ಬಂದ ಹೊಯಿಗೆಯಾದರೂ ಅದು ಎಲ್ಲಿಯದೆಂದು ಕೇಳಬೇಕು. ಪರ್ಮಿಟಿನಲ್ಲಿ ಇರುವ ಲಾರಿ ನಂಬ್ರವೂ ದಿನಾಂಕವೂ ಎದುರಿಗಿರುವ ಲಾರಿಯದೇ ಎಂದು ನೋಡಬೇಕು. ಇಲ್ಲವೆಂದಾದರೆ ಲೋಡನ್ನು ಇಳಿಸಲು ಬಿಡದೆ ಹಿಂದೆ ಕಳುಹಿಸಬೇಕು. ಕಾಂಕ್ರೀಟಿಗೂ ಗಾರೆಗೂ ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಈಗ ಸಿಗುತ್ತದೆ.