೪,೨೯,೪೯,೬೭,೨೯೭ ಎಂಬ ಸಂಖ್ಯೆಯ ವಿಚಾರ

ಚದುರಂಗದ ಹಲಗೆಯ ಮೊದಲನೆಯ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿಸುತ್ತ ಹೋಗುವ ಕಥೆಯನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಮೂವತ್ತಮೂರನೆಯ ಮನೆಯ ಕಾಳುಗಳಿಗೆ ಇನ್ನೊಂದನ್ನು ಕೂಡಿಸಿದರೆ ೪೨೯ ಕೋಟಿ ೪೯ ಲಕ್ಷ ೬೭ ಸಾವಿರದ ೨೯೭ ಆಗುತ್ತದೆ. ಈ ಸಂಖ್ಯೆಯ ವಿಷಯವಾಗಿ ಮಹಾಪಂಡಿತನೊಬ್ಬನು ಆಡಿದ ಮಾತು ತೊಂಬತ್ತು ವರುಷಕ್ಕೂ ಮೇಲ್ಪಟ್ಟು ನಿಂತು, ಬಳಿಕ ಬಿದ್ದುಹೋಯಿತು.

ಎರಡನ್ನು ಎರಡರಿಂದ ಗುಣಿಸಿದರೆ ೪. ನಾಲ್ಕನ್ನು ನಾಲ್ಕರಿಂದ ಗುಣಿಸಿದರೆ ೧೬. ಹೀಗೆಯೇ ಮುಂದೆ ೨೫೬, ೬೫,೫೩೬. ಮೊದಲ ಎರಡನ್ನೂ ಸೇರಿಸಿಕೊಂಡು ಒಂದೊಂದಕ್ಕೂ ಒಂದನ್ನು ಕೂಡಿಸಲು ೩, ೫, ೧೭, ೨೫೭, ೬೫,೫೩೭ ದೊರೆಯುತ್ತವೆ. ಇವೆಲ್ಲವೂ ಅವಿಭಾಜ್ಯಗಳು, ಅಂದರೆ ಒಂದರಿಂದಲೂ ತಮ್ಮಿಂದಲೂ ಹೊರತು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗಿಸಲ್ಪಡವು. ಮುಂದಿನದೇ ನಮ್ಮ ಸಂಖ್ಯೆ. ಫ್ರಾನ್ಸ್ ದೇಶದ ಫರ್ಮಾ ಎಂಬವನು ೧೬೪೦ರಲ್ಲಿ ಈ ಸಾಲಿನ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೇ ಎಂದು ತನ್ನ ನಂಬಿಕೆಯನ್ನು ಬರೆದನು. ಅದಕ್ಕೆ ಸಾಧನೆ ತನಗೆ ದೊರೆತಿಲ್ಲವೆಂಬುದನ್ನೂ ಆತನು ಮರೆಮಾಡಲಿಲ್ಲ.

ನೇರವಾಗಿ ಪರೀಕ್ಷಿಸುವುದಾದರೆ ೬೫,೫೩೬ರ ಒಳಗಿನ ೬,೫೪೨ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಬೇಕಾದೀತು. ಗೋಲ್ಡ್‌ಬಾಖನ ಪತ್ರದಿಂದ ಈ ವಿಷಯಕ್ಕೆ ತಿರುಗಿದ ಆಯ್ಲರನು ೧೭೩೨ರಲ್ಲಿ ೬೪೧ ಇದನ್ನು ಭಾಗಿಸುತ್ತದೆಂದು ತಿಳಿಸಿದನು. ಇದನ್ನು ಭಾಗಿಸುವ ಯಾವ ಅವಿಭಾಜ್ಯವನ್ನಾದರೂ ೬೪ರಿಂದ ಭಾಗಿಸಿದರೆ ಒಂದು ಉಳಿಯಲೇಬೇಕೆಂದು ಆತನು ಮುಂದೆ ಸಾಧಿಸಿದನು. ಅಂಥವು ಮೊದಲಿನಿಂದ ೧೯೩, ೨೫೭, ೪೪೯, ೫೭೭, ೬೪೧. ಐದನೆಯ ಪ್ರಯತ್ನಕ್ಕೇ ಫಲ!

ದೀರ್ಘ ಭಾಗಾಕಾರವಿಲ್ಲದೆಯೂ ಇದನ್ನು ಕಾಣಬಹುದು. ಶಾಲೆಯನ್ನು ಬಿಟ್ಟು ಬಹುಕಾಲವಾದ ಸೋದರಿಯರೂ ಕಾಗದ ಹಿಡಿದು ನಮ್ಮೊಡನೆ ಬರಲಿ. ೬೪೦ ಎಂದರೆ ೫ × ೧೨೮. ೧೨೮ನ್ನು ನಾಲ್ಕು ಸಲ ಬರೆದು ಗುಣಿಸಿದರೆ ಬರುವ ೨೬,೮೪,೩೫,೪೫೬ಕ್ಕೆ ‘ಕ’ ಎಂದು ಹೆಸರಿಡೋಣ. ಐದನ್ನು ಹಾಗೆಯೇ ಗುಣಿಸಿದರೆ ೬೨೫. ಆದುದರಿಂದ ೬೪೦ರ ನಾಲ್ಕನೆಯ ಘಾತವು ೬೨೫ಕ. ಇದರಿಂದ ಒಂದನ್ನು ಕಳೆದರೆ ಉಳಿದುದಕ್ಕೆ, ಬೀಜಗಣಿತದ ಅಪವರ್ತನ ಕ್ರಮದಂತೆ, ೬೪೦ + ೧, ಎಂದರೆ ೬೪೧, ಒಂದು ಅಪವರ್ತನವಾಗುತ್ತದೆ. ಇತ್ತ ೬೪೧ ಎಂಬುದು ೬೨೫ + ೧೬ ಕೂಡ ಆಗಿರುವುದರಿಂದ ೬೨೫ಕ + ೧೬ಕ ಎಂಬುದನ್ನೂ ೬೪೧ ಭಾಗಿಸುತ್ತದೆ. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ: ೧೬ಕ + ೧ ಉಳಿಯುವುದು. ಅದೇ ನಮ್ಮ ಸಂಖ್ಯೆ! ಗಣಿತದಲ್ಲಿ ಇಷ್ಟು ಚೊಕ್ಕವಾದ ಸಾಧನೆಗಳು ವಿರಳವೆಂದು ನಮ್ಮ ಅಭಿಪ್ರಾಯ.

ಭಾಗಲಬ್ಧವು ೬೭,೦೦,೪೧೭, ಅದೂ ಅವಿಭಾಜ್ಯವೇ. ಸಾಲಿನ ಮುಂದಿನ ಸಂಖ್ಯೆಗೆ ಇಪ್ಪತ್ತು ಅಂಕಗಳು. ಹಲಗೆಯ ಅರುವತ್ತನಾಲ್ಕು ಮನೆಗಳ ಕಾಳುಗಳ ಮೊತ್ತಕ್ಕಿಂತ ಎರಡೇ ಹೆಚ್ಚು. ಲಾಂಡ್ರಿ ಎಂಬ ಫ್ರೆಂಚ್ ವೃದ್ಧನು ತನ್ನ ಎಂಬತ್ತೆರಡನೆಯ ವಯಸ್ಸಿನಲ್ಲಿ, ೧೮೮೦ರಲ್ಲಿ, ಅದನ್ನು ಒಡೆದು ೨,೭೪,೧೭೭ ಎಂಬ ಅಪವರ್ತನವನ್ನು ತೋರಿಸಿದನು. ೬೫,೫೩೭ರ ತರುವಾಯ ಈ ಸಾಲಿನಲ್ಲಿ ಮತ್ತೊಂದು ಅವಿಭಾಜ್ಯವು ಇಂದಿನವರೆಗೆ ಯಾರಿಗೂ ಸಿಕ್ಕಿಲ್ಲ. ಸಿಕ್ಕಲಾರದೆಂದು ಸಾಧಿಸಿದವರೂ ಇಲ್ಲ.