ಎಣಿಕೆ, ಪದ ಮತ್ತು ನೀತಿ: ಮಕ್ಕಳ ಲಿಂಗಾನುಪಾತವನ್ನು ಕುರಿತ ಒಂದು ಪರಿಶೀಲನೆ

ಸರ್ಕಾರಿ ನೀತಿಗಳ ಚರ್ಚೆ ಸಮಾಜವಿಜ್ಞಾನಗಳಿಗೆ ಸೇರಿದ್ದು ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಯಾವುದೇ ನೀತಿ ಜನರನ್ನು ತಲುಪುವುದು ಅವರ ಭಾಷೆಯ ಮೂಲಕ. ಸಮಸ್ಯೆಯನ್ನು ಯಾವ ಸಂಖ್ಯೆಯಿಂದ ಅಳೆಯುತ್ತೇವೆ, ಯಾವ ಪದದಿಂದ ಹೆಸರಿಸುತ್ತೇವೆ ಎಂಬುದರ ಮೇಲೆ ಪರಿಹಾರದ ದಿಕ್ಕು ನಿರ್ಧಾರವಾಗುತ್ತದೆ. ಮಕ್ಕಳ ಲಿಂಗಾನುಪಾತದ ವಿಷಯದಲ್ಲಿ ಈ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಎರಡು ಅನುಪಾತಗಳು

ಭಾರತದ ಜನಗಣತಿಯಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಇರುವ ಹೆಣ್ಣುಮಕ್ಕಳ ಸಂಖ್ಯೆಯನ್ನು ಮಕ್ಕಳ ಲಿಂಗಾನುಪಾತ ಎನ್ನಲಾಗುತ್ತದೆ. ದೇಶದಲ್ಲಿ ಇದು 1961ರಲ್ಲಿ 976, 1991ರಲ್ಲಿ 945, 2001ರಲ್ಲಿ 927 ಹಾಗೂ 2011ರಲ್ಲಿ 918 ಆಗಿತ್ತು. ಕರ್ನಾಟಕದಲ್ಲಿ 1991ರಲ್ಲಿ 960 ಇದ್ದುದು 2001ರಲ್ಲಿ 946ಕ್ಕೆ ಇಳಿದು, 2011ರಲ್ಲಿ 948ಕ್ಕೆ ಬಂದು ನಿಂತಿತು. 2001ರಲ್ಲಿ ಪಂಜಾಬಿನ ಅನುಪಾತ 798, ಹರಿಯಾಣದ್ದು 819. ಇವೆರಡೂ ಬಡ ರಾಜ್ಯಗಳಲ್ಲ ಎಂಬುದು ಗಮನಾರ್ಹ. ಹೆಣ್ಣನ್ನು ಬೇಡವೆನ್ನುವುದು ಬಡತನದ ಫಲ ಎಂಬ ಸರಳ ವಿವರಣೆಯನ್ನು ಈ ಅಂಕಿಗಳು ಒಪ್ಪುವುದಿಲ್ಲ.

ಇದಕ್ಕಿಂತ ಭಿನ್ನವಾದುದು ಜನನಕಾಲದ ಲಿಂಗಾನುಪಾತ. ಸಹಜ ಸ್ಥಿತಿಯಲ್ಲಿ 100 ಹೆಣ್ಣುಮಕ್ಕಳಿಗೆ ಸುಮಾರು 105 ಗಂಡುಮಕ್ಕಳು ಹುಟ್ಟುತ್ತಾರೆ. ನಮ್ಮ ಕ್ರಮದಲ್ಲಿ ಹೇಳುವುದಾದರೆ 1000ಕ್ಕೆ ಸುಮಾರು 950. ಗರ್ಭಧಾರಣೆಗೆ ಮುನ್ನ ಮತ್ತು ಗರ್ಭಾವಸ್ಥೆಯಲ್ಲಿ ನಡೆಯುವ ಆಯ್ಕೆಯನ್ನು ಈ ಅಂಕಿ ತೋರಿಸುತ್ತದೆ. ಮಕ್ಕಳ ಲಿಂಗಾನುಪಾತವಾದರೋ ಅದರೊಡನೆ ಹುಟ್ಟಿದ ಮೇಲಿನ ಅಲಕ್ಷ್ಯವನ್ನೂ, ಅಂದರೆ ಆಹಾರ, ಲಸಿಕೆ, ಚಿಕಿತ್ಸೆಗಳಲ್ಲಿನ ತಾರತಮ್ಯದಿಂದಾಗುವ ಸಾವನ್ನೂ ಒಳಗೊಳ್ಳುತ್ತದೆ. ಮೊದಲನೆಯದು ಕುಸಿದರೆ ಸ್ಕ್ಯಾನಿಂಗ್ ಕೇಂದ್ರಗಳ ಕಡೆ ನೋಡಬೇಕು. ಅದು ಸಹಜವಾಗಿದ್ದೂ ಎರಡನೆಯದು ಕುಸಿದರೆ ಅಂಗನವಾಡಿ ಮತ್ತು ಆಸ್ಪತ್ರೆಗಳ ಕಡೆ ನೋಡಬೇಕು. ಎರಡನ್ನೂ ಒಂದೇ ಎಂದು ಬಳಸುವ ವರದಿಗಳು ರೋಗ ಒಂದಾದರೆ ಔಷಧ ಇನ್ನೊಂದು ಎಂಬ ಸ್ಥಿತಿಗೆ ಎಡೆಮಾಡಿಕೊಡುತ್ತವೆ.

2. ಅಂಕಿಗಳ ಮಿತಿ

ಜನಗಣತಿ ಎಲ್ಲರನ್ನೂ ಎಣಿಸುವುದರಿಂದ ವಿಶ್ವಾಸಾರ್ಹ. ಆದರೆ ಅದರ ಫಲಿತಾಂಶ ತಡವಾದುದು. 2011ರ ಅಂಕಿ 2004ರಿಂದೀಚೆಗೆ ಹುಟ್ಟಿದ ಮಕ್ಕಳನ್ನು ಕುರಿತದ್ದು. 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದಕ್ಕೆ ಹೋಗಿ, 2027ರ ಮಾರ್ಚ್ 1ನ್ನು ಆಧಾರ ದಿನವಾಗಿ 2025ರಲ್ಲಿ ಗೊತ್ತುಪಡಿಸಲಾಯಿತು. ಈ ದೀರ್ಘ ಅಂತರದಲ್ಲಿ ಮಾದರಿ ಸಮೀಕ್ಷೆಗಳನ್ನೂ ಜನನ ನೋಂದಣಿಯನ್ನೂ ಅವಲಂಬಿಸುವುದು ಅನಿವಾರ್ಯವಾಯಿತು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಸಾವಿರ ಪುರುಷರಿಗೆ 1020 ಮಹಿಳೆಯರು ಎಂಬ ಅಂಕಿ 2021ರಲ್ಲಿ ಪ್ರಕಟವಾದಾಗ ಅದನ್ನು ಸಾಧನೆಯೆಂದು ಕೊಂಡಾಡಲಾಯಿತು. ಅದೇ ವರದಿಯಲ್ಲಿ ಹಿಂದಿನ ಐದು ವರ್ಷಗಳ ಜನನಕಾಲದ ಅನುಪಾತ 929 ಮಾತ್ರ ಇದ್ದುದು ಹೆಚ್ಚಿನವರ ಗಮನಕ್ಕೆ ಬರಲಿಲ್ಲ. ಮಹಿಳೆಯರ ಆಯುಷ್ಯ ಹೆಚ್ಚಿದರೆ, ಗಂಡಸರು ದುಡಿಮೆಗೆಂದು ಮನೆಯಿಂದ ದೂರವಿದ್ದರೆ ಒಟ್ಟು ಅನುಪಾತ ಏರುತ್ತದೆ. ಹುಟ್ಟುವ ಹೆಣ್ಣುಮಕ್ಕಳ ಸಂಖ್ಯೆಗೂ ಅದಕ್ಕೂ ನೇರ ಸಂಬಂಧವಿಲ್ಲ.

ಚಿಕ್ಕ ಘಟಕಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ವರ್ಷಕ್ಕೆ 40 ಹೆರಿಗೆಗಳಾಗುವ ಒಂದು ಗ್ರಾಮವನ್ನು ಕಲ್ಪಿಸಿಕೊಳ್ಳೋಣ. 23 ಗಂಡು, 17 ಹೆಣ್ಣು ಹುಟ್ಟಿದರೆ ಅನುಪಾತ 739. ಮರುವರ್ಷ ಅದು ತಿರುವುಮುರುವಾದರೆ 1353. ಎರಡೂ ಕೇವಲ ಆಕಸ್ಮಿಕವಾಗಿರಬಹುದು. ಇಂತಹ ಅಂಕಿಗಳನ್ನು ಹಿಡಿದು ಗ್ರಾಮಗಳಿಗೆ ಬಹುಮಾನವನ್ನೋ ಛೀಮಾರಿಯನ್ನೋ ನೀಡುವುದು ಅರ್ಥಹೀನ. ಹಲವು ವರ್ಷಗಳ ಜನನಗಳನ್ನು ಒಟ್ಟುಗೂಡಿಸಿ, ತಾಲ್ಲೂಕು ಅಥವಾ ಜಿಲ್ಲಾ ಮಟ್ಟದಲ್ಲಿ ನೋಡುವುದೇ ಸರಿಯಾದ ಕ್ರಮ.

ಹರಿಯಾಣದ ಅನುಭವ ಇಲ್ಲಿ ಉಲ್ಲೇಖಾರ್ಹ. 2015ರ ಜನವರಿಯಲ್ಲಿ ಪಾಣಿಪತ್‌ನಲ್ಲಿ ‘ಬೇಟಿ ಬಚಾವೋ ಬೇಟಿ ಪಢಾವೋ’ ಯೋಜನೆ ಆರಂಭವಾಯಿತು. ನೋಂದಣಿ ದಾಖಲೆಗಳ ಪ್ರಕಾರ ಆ ರಾಜ್ಯದ ಜನನಕಾಲದ ಅನುಪಾತ 2014ರ 871ರಿಂದ 2019ರಲ್ಲಿ 923ಕ್ಕೆ ಏರಿತು. 2024ರಲ್ಲಿ ಮತ್ತೆ 910ಕ್ಕೆ ಇಳಿಯಿತು. ನಿಗಾ ಫಲ ನೀಡಬಲ್ಲದು, ಆದರೆ ಆ ಫಲ ತಾನಾಗಿ ನಿಲ್ಲುವುದಿಲ್ಲ ಎಂಬುದು ಇದರಿಂದ ವೇದ್ಯವಾಗುತ್ತದೆ. ಮೊದಲು ನೋಂದಣಿಯಿಂದ ಬಿಟ್ಟುಹೋಗುತ್ತಿದ್ದ ಹೆಣ್ಣುಮಕ್ಕಳು ಆಮೇಲೆ ನೋಂದಣಿಯಾದರೂ ಅಂಕಿ ಏರುತ್ತದೆ ಎಂಬುದನ್ನೂ ಮರೆಯಬಾರದು.

3. ಕಾನೂನು ಮತ್ತು ಪದ

ಪ್ರಸವಪೂರ್ವ ಲಿಂಗ ಪತ್ತೆಯನ್ನು ನಿಷೇಧಿಸುವ ಕಾಯಿದೆ 1994ರಲ್ಲಿ ರಚನೆಯಾಗಿ 1996ರ ಜನವರಿ 1ರಿಂದ ಜಾರಿಗೆ ಬಂದಿತು. 2003ರ ತಿದ್ದುಪಡಿಯು ಗರ್ಭಧಾರಣೆಗೆ ಮುನ್ನವೇ ನಡೆಯುವ ಲಿಂಗ ಆಯ್ಕೆಯನ್ನೂ ಅದರ ವ್ಯಾಪ್ತಿಗೆ ತಂದಿತು. ಪ್ರತಿಯೊಬ್ಬ ಗರ್ಭಿಣಿಯ ಸ್ಕ್ಯಾನಿಂಗ್ ವಿವರವನ್ನು ‘ಎಫ್’ ನಮೂನೆಯಲ್ಲಿ ದಾಖಲಿಸುವುದು ಕಡ್ಡಾಯ. ಆದರೆ ಈ ದಾಖಲೆ ನೋಂದಾಯಿತ ಕೇಂದ್ರಗಳನ್ನು ಮಾತ್ರ ಹಿಡಿಯುತ್ತದೆ. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಯಂತ್ರವಿಟ್ಟು ಲಿಂಗ ಪತ್ತೆ ನಡೆಸುತ್ತಿದ್ದರೆಂಬ ಆರೋಪ 2023ರಲ್ಲಿ ಹೊರಬಂದದ್ದು ಪೊಲೀಸ್ ತನಿಖೆಯಿಂದ. ಕಡತಗಳ ತಪಾಸಣೆಯೊಂದನ್ನೇ ನಂಬಿದರೆ ಸಾಲದು ಎಂಬುದಕ್ಕೆ ಇದು ನಿದರ್ಶನ.

ಇನ್ನು ಪದದ ವಿಚಾರ. ಕನ್ನಡದ ಪತ್ರಿಕೆ, ಭಾಷಣ, ಪಠ್ಯಗಳಲ್ಲಿ ನೆಲೆಯೂರಿರುವುದು ‘ಹೆಣ್ಣು ಭ್ರೂಣಹತ್ಯೆ’ ಎಂಬ ಪ್ರಯೋಗ. ಭ್ರೂಣಹತ್ಯೆ ಎಂಬುದು ಧರ್ಮಶಾಸ್ತ್ರಗಳಲ್ಲಿ ಪಾತಕಗಳ ಸಾಲಿನಲ್ಲಿ ಬರುವ ಹಳೆಯ ಪದ. ಅದರ ನೈತಿಕ ತೀವ್ರತೆ ಪ್ರಚಾರಕ್ಕೆ ನೆರವಾಗಿರುವುದು ನಿರ್ವಿವಾದ. ಆದರೆ ಮೂರು ತೊಡಕುಗಳಿವೆ. ಮೊದಲನೆಯದಾಗಿ, ಗರ್ಭಧಾರಣೆಗೆ ಮುನ್ನ ನಡೆಯುವ ಆಯ್ಕೆಯನ್ನಾಗಲಿ ಹುಟ್ಟಿದ ಮೇಲಿನ ಅಲಕ್ಷ್ಯವನ್ನಾಗಲಿ ಅದು ಸೂಚಿಸದು. ಎರಡನೆಯದಾಗಿ, 1971ರ ಕಾಯಿದೆ ಮಾನ್ಯ ಮಾಡಿರುವ ಸುರಕ್ಷಿತ ಗರ್ಭಪಾತವನ್ನೂ ಅದು ಕೊಲೆಯ ನೆರಳಿಗೆ ತರುತ್ತದೆ. ನ್ಯಾಯಬದ್ಧ ಕಾರಣಕ್ಕೆ ವೈದ್ಯರಲ್ಲಿಗೆ ಹೋಗುವ ಮಹಿಳೆಯೂ ಹಿಂಜರಿಯುವಂತಾಗುತ್ತದೆ. ಮೂರನೆಯದಾಗಿ, ಹತ್ಯೆ ಎಂದೊಡನೆ ಹಂತಕಿ ಯಾರೆಂಬ ಪ್ರಶ್ನೆ ತಾಯಿಯ ಕಡೆಗೆ ತಿರುಗುತ್ತದೆ. ಕಾಯಿದೆಯ ನಿಲುವಾದರೋ ಬೇರೆ: ಗಂಡ ಅಥವಾ ಬಂಧುಗಳ ಒತ್ತಾಯದಿಂದಲೇ ಆಕೆ ಪರೀಕ್ಷೆಗೆ ಒಳಗಾದಳೆಂದು, ತದ್ವಿರುದ್ಧ ಸಾಬೀತಾಗುವವರೆಗೆ, ನ್ಯಾಯಾಲಯ ಭಾವಿಸಬೇಕು. ಸ್ಥಳೀಯ ಭಾಷೆಯಲ್ಲಿ ಫಲಕ ಹಾಕಬೇಕೆಂದು ಕಾಯಿದೆಯ ನಿಯಮಗಳೇ ವಿಧಿಸುವುದರಿಂದ ‘ಲಿಂಗ ಪತ್ತೆ’, ‘ಲಿಂಗ ಆಯ್ಕೆ’ ಎಂಬ ನಿಖರ ಪದಗಳು ಕನ್ನಡದಲ್ಲಿ ಈಗಾಗಲೇ ಇವೆ. ಅವನ್ನು ಬಳಕೆಗೆ ತರುವುದಷ್ಟೇ ಉಳಿದಿದೆ.

4. ಬೇರಿನ ಕಡೆಗೆ

ನಿಷೇಧವೊಂದರಿಂದಲೇ ಅನುಪಾತ ಸರಿಹೋದ ಉದಾಹರಣೆ ವಿರಳ. ದಕ್ಷಿಣ ಕೊರಿಯಾ 1987ರಲ್ಲಿಯೇ ಲಿಂಗ ತಿಳಿಸುವುದನ್ನು ನಿಷೇಧಿಸಿದರೂ 1990ರಲ್ಲಿ ಅಲ್ಲಿ 100 ಹೆಣ್ಣುಮಕ್ಕಳಿಗೆ 116ಕ್ಕೂ ಹೆಚ್ಚು ಗಂಡುಮಕ್ಕಳು ಹುಟ್ಟುತ್ತಿದ್ದರು. ಮಹಿಳೆಯರ ಶಿಕ್ಷಣ, ಉದ್ಯೋಗ ಹಾಗೂ ನಗರಜೀವನ ಹರಡಿದಂತೆ, ಕುಟುಂಬ ಕಾನೂನು ಬದಲಾದಂತೆ, 2007ರ ವೇಳೆಗೆ ಅದು ಸಹಜ ಮಟ್ಟಕ್ಕೆ ಮರಳಿತು.

ಕರ್ನಾಟಕವು 1994ರಿಂದಲೇ ಹೆಣ್ಣುಮಕ್ಕಳಿಗೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಸಮಪಾಲಿನ ಹಕ್ಕು ನೀಡಿತ್ತು. ಆದರೆ ಅದಕ್ಕೂ ಮುನ್ನ ಮದುವೆಯಾದವರು ಅದರಿಂದ ಹೊರಗುಳಿದರು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ಅಳಿಸಿತು. 2006-07ರ ಭಾಗ್ಯಲಕ್ಷ್ಮಿ ಯೋಜನೆ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಹೆಣ್ಣುಮಕ್ಕಳ ಶಿಕ್ಷಣ ಮತ್ತು ವಿವಾಹವಯಸ್ಸಿನ ದೃಷ್ಟಿಯಿಂದ ಸ್ವಾಗತಾರ್ಹ. ಆದರೆ ಹಣ ತೆತ್ತು ಲಿಂಗ ಪತ್ತೆ ಮಾಡಿಸಬಲ್ಲ ಉಳ್ಳವರ ಮನೆಗಳನ್ನು ಅದು ಮುಟ್ಟದು. ಆಸ್ತಿಯ ಹಕ್ಕು ಕಾಗದದಿಂದ ಪಹಣಿಗೆ ಇಳಿಯುವುದು, ಮುಪ್ಪಿನಲ್ಲಿ ಮಗಳ ಆಸರೆಯನ್ನು ಸಮಾಜ ಸಹಜವೆಂದು ಒಪ್ಪುವುದು, ಇವು ಎಲ್ಲ ವರ್ಗಗಳಿಗೂ ಅನ್ವಯಿಸುವ ಕ್ರಮಗಳು.

ಒಟ್ಟಾರೆಯಾಗಿ, ಗರ್ಭಧಾರಣೆಗೆ ಮುನ್ನ, ಗರ್ಭಾವಸ್ಥೆ, ಜನನಾನಂತರ ಎಂಬ ಮೂರು ಹಂತಗಳನ್ನು ಬೇರ್ಪಡಿಸಿ ಎಣಿಸುವ, ಬೇರ್ಪಡಿಸಿ ಹೆಸರಿಸುವ ಶಿಸ್ತು ನೀತಿಗೆ ಅಗತ್ಯ. ಎಣಿಕೆಯ ಹೊಣೆ ಇಲಾಖೆಗಳದ್ದು. ಪಠ್ಯ, ನಿಘಂಟು, ಸಂಶೋಧನ ಬರಹಗಳಲ್ಲಿ ಪದಗಳನ್ನು ನಿಷ್ಕರ್ಷಿಸುವ ಹೊಣೆ ಕನ್ನಡ ಅಧ್ಯಾಪಕರದ್ದು.