ಕರೆಂಟು ಕೊಡುವ ಮೊದಲು ಕೈಯಿಂದ ತಿರುಗಿಸು

ತಮ್ಮಾ, ಸಾಲೋಟಗಿಯ ಮನೆಯ ನಾಗೊಂದಿಗೆಯ ಮೇಲಿಂದ ನಿಮ್ಮ ಕಾಕಾ ಅಮೆರಿಕದಿಂದ ತಂದಿದ್ದ ಸೂಪರ್ 8 ಪ್ರೊಜೆಕ್ಟರ್ ಇಳಿಸಿದ್ದೀ ಅಂತ ಕೇಳಿ ಬಹಳ ಸಂತೋಷವಾಯಿತು. ಜೊತೆಗೆ ಮಾತಾಡುವ ರೀಲುಗಳೂ ಸಿಕ್ಕಿವೆಯಂತೆ. ಇವತ್ತೇ ರಾತ್ರಿ ಗೋಡೆಯ ಮೇಲೆ ಬಿಟ್ಟು ನೋಡಬೇಕು ಅನ್ನಿಸಿರುತ್ತದೆ. ಬೇಡ. ಇನ್ನೂ ಪ್ಲಗ್ಗಿಗೆ ಹಾಕಬೇಡ.

ಇಂಡಿ, ಸಿಂದಗಿ ಕಡೆಯ ಹಳ್ಳಿಗಳಲ್ಲಿ ಗುಡಿಯ ಮುಂದೆ ಪಡದೆ ಕಟ್ಟಿ 16 ಎಂಎಂ ಯಂತ್ರ ನಡೆಸಿದವನು ನಾನು. ಅಲ್ಲಿ ಒಂದು ರೀಲು ಹರಿದರೆ ಅದರ ಇನ್ನೊಂದು ಪ್ರತಿ ಎಲ್ಲಾದರೂ ಇರುತ್ತಿತ್ತು. ಮನೆಯಲ್ಲಿ ತೆಗೆದ ಸಿನಿಮಾ ಹಾಗಲ್ಲ. ಅದಕ್ಕೆ ನೆಗೆಟಿವ್ ಇಲ್ಲ. ಕ್ಯಾಮೆರಾದೊಳಗೆ ಓಡಿದ ಫಿಲ್ಮೇ ಪಡದೆಯ ಮೇಲೂ ಓಡುತ್ತದೆ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’, 1934ರದು, ಊರೂರಲ್ಲಿ ಓಡಿದ್ದು; ಅದರದೇ ಒಂದು ಪ್ರತಿಯೂ ಉಳಿಯಲಿಲ್ಲ. ಒಂದೇ ಪ್ರತಿಯಿರುವ ನಿಮ್ಮ ಮನೆಯ ರೀಲಿನ ಪಾಡು ಯೋಚಿಸು. ಆದ್ದರಿಂದ ಯಂತ್ರ ಪೂರ್ತಿ ಸರಿಯಾಗುವ ತನಕ ಆ ರೀಲುಗಳು ಅದರ ಹತ್ತಿರ ಬರಬಾರದು.

ಮೊದಲು ಮುಚ್ಚಳ ಬಿಚ್ಚಿ, ಮೆತ್ತನೆಯ ಕುಂಚದಿಂದ ಧೂಳು ಉದುರಿಸು. ನಮ್ಮ ಎರೆಮಣ್ಣಿನ ಧೂಳು ಎಣ್ಣೆಯ ಜೊತೆ ಸೇರಿದರೆ ಅರದಂತೆ ತಿನ್ನುತ್ತದೆ. ಆಮೇಲೆ ಯಂತ್ರವನ್ನು ಕೈಯಿಂದ ತಿರುಗಿಸುವ ಗುಬ್ಬಿಯನ್ನು ಬಾಣದ ಗುರುತಿನ ದಿಕ್ಕಿಗೆ ಮೆಲ್ಲಗೆ ತಿರುಗಿಸಿ ನೋಡು. ಬಿಗಿಯಾದರೆ ಅಲ್ಲಿಗೇ ನಿಲ್ಲಿಸು. ಹಳೆಯ ಗ್ರೀಸು ಒಣಗಿ ಅಂಟಾಗಿರುತ್ತದೆ. ಆಗ ಮೋಟರಿಗೆ ಕರೆಂಟು ಕೊಟ್ಟರೆ ಪ್ಲಾಸ್ಟಿಕ್ ಹಲ್ಲುಗಾಲಿ ಸೀಳುತ್ತದೆ. ಬೆಲ್ ಅಂಡ್ ಹೊವೆಲ್‌ನ ಎಷ್ಟೋ 16 ಎಂಎಂ ಯಂತ್ರಗಳು ಒಳಗಿನ ಒಂದು ನೈಲಾನ್ ಗೇರು ಬಿರಿದೇ ಮೂಲೆ ಸೇರಿವೆ.

ಹೆಚ್ಚಾಗಿ ಕೈಕೊಡುವುದು ರಬ್ಬರು. ಬೆಲ್ಟು ಗಟ್ಟಿಯಾಗಿ ಬಿರಿದಿರುತ್ತದೆ, ಇಲ್ಲವೆ ಕರಗಿ ಡಾಂಬರಾಗಿರುತ್ತದೆ. ಆ ಡಾಂಬರನ್ನು ಐಸೊಪ್ರೊಪೈಲ್ ಸ್ಪಿರಿಟ್ಟಿನಲ್ಲಿ ಅದ್ದಿದ ಅರಿವೆಯಿಂದ ಪೂರ್ತಿ ಒರೆಸು. ಸ್ವಲ್ಪ ಉಳಿದರೂ ಹೊಸ ಬೆಲ್ಟು ಜಾರುತ್ತದೆ. ಬೆಲ್ಟಿನ ದಾರಿಗುಂಟ ದಾರ ಸುತ್ತಿ ಉದ್ದ ಅಳೆ; ಹೊಸದು ಅದಕ್ಕಿಂತ ತುಸು ಗಿಡ್ಡ ಇರಲಿ, ಹತ್ತನೇ ಒಂದು ಪಾಲಿಗಿಂತ ಹೆಚ್ಚು ಬೇಡ. ಹಳೆಯದು ದುಂಡಗಿತ್ತೋ ಚೌಕವಿತ್ತೋ ನೋಡಿಕೊಂಡು ಅಂಥದ್ದನ್ನೇ ತಾ. ಟೇಪ್ ರೆಕಾರ್ಡರ್ ರಿಪೇರಿ ಮಾಡುವವರ ಹತ್ತಿರ ಕೇಳು. ಎಣ್ಣೆ ಹೊಲಿಗೆ ಮಷೀನಿನದು ಸಾಕು, ಬೇರಿಂಗಿಗೆ ಒಂದೊಂದೇ ಹನಿ. ಕೊಬ್ಬರಿ ಎಣ್ಣೆ ಮುಟ್ಟಿಸಬೇಡ. ಬೆಲ್ಟು, ರಬ್ಬರ್ ಗಾಲಿ, ಫಿಲ್ಮು ಹಾಯುವ ದಾರಿಗೆ ಯಾವ ಎಣ್ಣೆಯೂ ತಾಗಬಾರದು.

ಫಿಲ್ಮು ಹಾಯುವ ಗೇಟಿನಲ್ಲಿ ಹಳೆಯ ಫಿಲ್ಮುಗಳಿಂದ ಉದುರಿದ ಮಸಾಲೆ (ಎಮಲ್ಶನ್) ಕೂತು ಗಟ್ಟಿಯಾಗಿರುತ್ತದೆ. ಅದನ್ನು ಬಿದಿರು ಕಡ್ಡಿಯಿಂದ ಕೆರೆ, ಚಾಕುವಿನಿಂದಲ್ಲ. ಗೇಟಿಗೆ ಒಂದು ಗೀರು ಬಿದ್ದರೆ ಮುಂದೆ ಓಡುವ ಪ್ರತಿ ರೀಲಿಗೂ ಆ ಗೀರು ಉದ್ದಕ್ಕೂ ಬೀಳುತ್ತದೆ.

ಈಗ ಕರೆಂಟು. ಹಿಂಬದಿಯ ತಗಡಿನ ಮೇಲೆ ಏನು ಬರೆದಿದೆ ಓದು. ಅಮೆರಿಕದ ಯಂತ್ರ 120 ವೋಲ್ಟಿನದು. ನಮ್ಮ 230ಕ್ಕೆ ನೇರ ಹಾಕಿದರೆ ಕ್ಷಣದಲ್ಲಿ ಸುಡುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದೂ ವೋಲ್ಟೇಜನ್ನಷ್ಟೇ ಇಳಿಸುತ್ತದೆ. ಅಲ್ಲಿಯ ಕರೆಂಟು 60 ಹರ್ಟ್ಸ್, ನಮ್ಮದು 50. ಎಸಿ ಮೋಟರಾದರೆ ಸೆಕೆಂಡಿಗೆ 24 ಚಿತ್ರ ಓಡಬೇಕಾದಲ್ಲಿ 20 ಓಡುತ್ತವೆ, ಹೆಂಗಸರ ದನಿ ಗಂಡಸರದಾಗುತ್ತದೆ. ಕೆಲವು ಯಂತ್ರಗಳಲ್ಲಿ 50 ಹರ್ಟ್ಸಿಗೆಂದೇ ಬೇರೆ ಪುಲ್ಲಿ ಇರುತ್ತದೆ, ಹುಡುಕು. ಮೊದಲ ಸಲ ಚಾಲು ಮಾಡುವಾಗ ಪ್ರೊಜೆಕ್ಟರಿನ ದೀಪ ತೆಗೆದಿಟ್ಟು, ಟ್ರಾನ್ಸ್‌ಫಾರ್ಮರಿಗೆ ಹೋಗುವ ಲೈನಿನಲ್ಲಿ 100 ವಾಟಿನ ತಂತಿಬಲ್ಬನ್ನು ಸೀರೀಸ್ ಹಾಕು. ಬಲ್ಬು ಝಗ್ಗೆಂದು ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಆಗಿದೆ, ಪ್ಲಗ್ ತೆಗೆ. ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದು ಬಂದರೆ ಆಂಪ್ಲಿಫೈಯರಿನ ಕೆಪಾಸಿಟರ್ ಒಣಗಿರಬಹುದು. ಅದನ್ನು ಬದಲಿಸುವ ಕೆಲಸ ರೇಡಿಯೊ ರಿಪೇರಿ ಬಲ್ಲವರಿಗೆ ಬಿಡು.

ನಿಮ್ಮೂರ 945ರ ಕಂಬಶಾಸನ ಓದಿದ್ದೀಯಲ್ಲ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ದೀಪದ ಖರ್ಚಿಗಾಗಿಯೇ 12 ನಿವರ್ತನ ಭೂಮಿ ಬಿಟ್ಟಿದ್ದರು. ದೀಪಕ್ಕೆ ಅಷ್ಟು ಕಾಳಜಿ ಮಾಡಿದ ಊರು ಅದು. ನಿನ್ನ ಯಂತ್ರದ ಹ್ಯಾಲೊಜನ್ ದೀಪವನ್ನು ಬರಿಗೈಯಿಂದ ಹಿಡಿಯಬೇಡ. ಬೆರಳಿನ ಜಿಡ್ಡು ತಾಗಿದ ಕಡೆ ಗಾಜು ಕಾದು ಒಡೆಯುತ್ತದೆ. ಫ್ಯಾನು ತಿರುಗದಿದ್ದರೆ ದೀಪ ಹಚ್ಚಲೇಬೇಡ.

ದನಿಯ ವಿಷಯಕ್ಕೆ ಬರೋಣ, ನನಗೆ ಎಲ್ಲಕ್ಕಿಂತ ಆತಂಕದ್ದು ಇದು. ಕೊಡಾಕ್ 1965ರಲ್ಲಿ ಸೂಪರ್ 8 ತಂದಿತು. ಕ್ಯಾಮೆರಾದಲ್ಲೇ ದನಿ ಹಿಡಿಯುವ ಫಿಲ್ಮು 1973ರಲ್ಲಿ ಬಂತು, 1997ರಲ್ಲಿ ನಿಂತಿತು. ಫಿಲ್ಮಿನ ರಂಧ್ರಗಳ ಎದುರಿನ ಅಂಚಿನಲ್ಲಿ ದನಿ ತುಂಬಿದ ಕಂದು ಪಟ್ಟಿ ಕಾಣುತ್ತದೆ. ಕ್ಯಾಸೆಟ್ಟಿನ ಟೇಪಿನದೇ ಜಾತಿ. ಒಂದು ಚಿತ್ರದ ದನಿ ಆ ಚಿತ್ರದ ಮಗ್ಗುಲಿಗಿಲ್ಲ, 18 ಚಿತ್ರ ಮುಂದಿರುತ್ತದೆ. ಆದ್ದರಿಂದ ಗೇಟಿನ ಕೆಳಗೆ ಫಿಲ್ಮು ಸಡಿಲವಾಗಿ ಬಾಗುವ ಲೂಪು ಸರಿ ಇರದಿದ್ದರೆ ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ. ದನಿ ಮಂದವಾದರೆ ಪಟ್ಟಿಯ ದನಿ ಓದುವ ಹೆಡ್ಡನ್ನು ಹತ್ತಿ ಮತ್ತು ಸ್ಪಿರಿಟ್ಟಿನಿಂದ ಒರೆಸು. ತುದಿಗೆ ಅಯಸ್ಕಾಂತವಿರುವ ಸ್ಕ್ರೂಡ್ರೈವರ್ ಅದರ ಹತ್ತಿರ ತರಬೇಡ. ಇನ್ನೊಂದು ಮಾತು, ಮರೆಯಬೇಡ: ಈ ಯಂತ್ರಗಳಲ್ಲಿ ಬಹಳಷ್ಟಕ್ಕೆ ರೆಕಾರ್ಡ್ ಗುಂಡಿಯೂ ಇರುತ್ತದೆ. ಕುತೂಹಲಕ್ಕೆ ಅದನ್ನು ಒತ್ತಿ ಓಡಿಸಿದರೆ ಪಟ್ಟಿಯ ಮೇಲಿನ ಹಳೆಯ ಮಾತು ಅಳಿಸಿಹೋಗುತ್ತದೆ. ಇವತ್ತೇ ಆ ಗುಂಡಿಯ ಮೇಲೆ ಟೇಪು ಅಂಟಿಸು.

ರೀಲಿನ ಡಬ್ಬಿ ತೆರೆದು ವಾಸನೆ ನೋಡು. ವಿನೆಗರಿನ ಹುಳಿ ವಾಸನೆ ಬಂದರೆ ಅಸಿಟೇಟ್ ಫಿಲ್ಮು ಕೊಳೆಯಲು ಸುರುವಾಗಿದೆ. ದನಿಪಟ್ಟಿಯಲ್ಲಿರುವ ಕಬ್ಬಿಣದ ಆಕ್ಸೈಡು ಅದನ್ನು ಇನ್ನಷ್ಟು ಬೇಗ ಮಾಡುತ್ತದೆ. ಅಂಥ ರೀಲನ್ನು ಉಳಿದವುಗಳಿಂದ ಬೇರೆ ಇಡು. ಅದು ಕುಗ್ಗಿರುತ್ತದೆ, ಯಂತ್ರಕ್ಕೆ ಹಾಕಿದರೆ ರಂಧ್ರಗಳು ಹರಿಯುತ್ತವೆ. ಅದನ್ನು ಓಡಿಸದೆ ಸ್ಕ್ಯಾನ್ ಮಾಡಿಸು. ಮುಂಬೈ, ಚೆನ್ನೈಗಳಲ್ಲಿ ಆ ಕೆಲಸ ಮಾಡುವವರಿದ್ದಾರೆ. ಚೆನ್ನಾಗಿರುವ ರೀಲುಗಳನ್ನೂ ತಗಡಿನ ಸೂರಿನ ಕೆಳಗೆ ಕಬ್ಬಿಣದ ಟ್ರಂಕಿನಲ್ಲಿ ಇಡಬೇಡ. ನಮ್ಮ ಮೇ ತಿಂಗಳ 40 ಡಿಗ್ರಿ ಮೀರಿದ ಬಿಸಿಲಿಗೆ ಅದು ಒಲೆಯೇ. ಮಣ್ಣಿನ ಮಾಳಿಗೆಯ ಒಳಕೋಣೆ ತಂಪಿರುತ್ತದೆ, ಅಲ್ಲಿಡು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಬೇಡ, ಗಾಳಿ ಆಡಲಿ.

ಯಂತ್ರ ಸಿದ್ಧವಾದ ಮೇಲೆ ಯಾವುದಾದರೂ ಬೇಡವಾದ ಫಿಲ್ಮಿನ ತುಂಡು ಹಾಕಿ ಅರ್ಧ ಗಂಟೆ ಓಡಿಸು, ಗೀರು ಬಿತ್ತೇ ನೋಡು. ಆಮೇಲೆ ಮನೆಯ ರೀಲು. ಐವತ್ತು ಅಡಿಯದು ಸೆಕೆಂಡಿಗೆ 18 ಚಿತ್ರದಂತೆ 3 ನಿಮಿಷ 20 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅಷ್ಟರಲ್ಲಿ ಬಂದು ಹೋಗುವ ಮುಖಗಳನ್ನು ನೀನು ಗುರುತಿಸಲಾರೆ. ಮನೆಯ ಹಿರಿಯರನ್ನು, ಓಣಿಯ ಮುದುಕಿಯರನ್ನು ಕರೆದು ಕೂಡಿಸು. ಯಾರು, ಯಾವ ಜಾತ್ರೆ, ಯಾರ ಮದುವೆ ಅಂತ ಅವರು ಹೇಳಿದ್ದನ್ನೆಲ್ಲ ಪೆನ್ಸಿಲಿನಲ್ಲಿ ಬರೆದು ಡಬ್ಬಿಯೊಳಗೆ ಇಡು. ಅವರು ಇರುವಾಗಲೇ ಈ ಕೆಲಸ ಮುಗಿಸು, ತಮ್ಮಾ.